ಟಾನಿಕ್ ಕೊಟ್ಟರೂ ಜರ್ಬೆರಾ ಏಳದಿದ್ದರೆ: ಪಾಲಿಹೌಸಿನಲ್ಲಿ ಜೈವಿಕ ಉತ್ತೇಜಕಗಳ ದೋಷ ನಿವಾರಣೆ ಕೈಪಿಡಿ

ಕಲಬುರಗಿ, ಬೀದರ್, ಯಾದಗಿರಿಯ ಗೊಬ್ಬರದ ಅಂಗಡಿಗಳಲ್ಲಿ ಕಡಲಪಾಚಿ ಸಾರ, ಹ್ಯೂಮಿಕ್ ಮತ್ತು ಫುಲ್ವಿಕ್ (ಕಳಿತ ಸಾವಯವ ವಸ್ತುವಿನ ಸಾರಗಳು), ಅಮೈನೊ, ಸಿಲಿಕಾನ್ ಎಲ್ಲಕ್ಕೂ ಇರುವ ಹೆಸರು ಒಂದೇ: ಟಾನಿಕ್. ಪಾಲಿಹೌಸಿನಲ್ಲಿ ಜರ್ಬೆರಾ ಹೂವಿನ ಗಿಡ ಸೊರಗಿದರೆ ಒಂದು ಟಾನಿಕ್, ಅದಕ್ಕೂ ಏಳದಿದ್ದರೆ ಇನ್ನೊಂದು, ಮೂರನೆಯ ಸಲ ಎರಡೂ ಕೂಡಿಸಿ. ಕಡೆಗೆ ಎಲೆ ಸುಟ್ಟಾಗ ಮಾಲು ಖೊಟ್ಟಿ ಎಂಬ ತೀರ್ಮಾನ. ಮಾಲು ಖೊಟ್ಟಿ ಇರುವುದೂ ಉಂಟು, ಅದನ್ನು ಕೊನೆಗೆ ನೋಡೋಣ. ಆದರೆ ಬಹಳ ಸಲ ತಪ್ಪು ಇರುವುದು ಬೋರಿನ ನೀರಿನಲ್ಲಿ, ಗಿಡದ ಬೇರಿನಲ್ಲಿ, ಇಲ್ಲವೆ ಕಲಸುವ ಡ್ರಮ್ಮಿನಲ್ಲಿ.

ಟಾನಿಕ್, ಅಂದರೆ ಜೈವಿಕ ಉತ್ತೇಜಕ, ಮಾಡುವ ಕೆಲಸ ಸಣ್ಣದು. ಬೆಡ್ಡಿನಲ್ಲಿ ಈಗಾಗಲೇ ಇರುವ ಆಹಾರವನ್ನು ಗಿಡ ಚೆನ್ನಾಗಿ ಎಳೆದುಕೊಳ್ಳಲು, ಬಿಸಿಲು, ಸವಳು, ನೀರಿನ ಕೊರತೆಯನ್ನು ತುಸು ಹೆಚ್ಚು ತಾಳಿಕೊಳ್ಳಲು ಅದು ನೆರವಾಗುತ್ತದೆ. ಕಬ್ಬಿಣವೇ ಸಿಗದ ಗಿಡಕ್ಕೆ ಕಬ್ಬಿಣ ಕೊಡುವುದಿಲ್ಲ, ಕೊಳೆತ ಬೇರನ್ನು ಬದುಕಿಸುವುದಿಲ್ಲ. ಹಾಗಾಗಿ ದೋಷ ಹುಡುಕುವಾಗ ಟಾನಿಕ್ಕಿನ ಸರದಿ ಕೊನೆಯದು.

ಕೆಳಗಿನ ಅಳತೆಗಳೆಲ್ಲ 10 ಗುಂಟೆ, ಅಂದರೆ ಸುಮಾರು 1,000 ಚದರ ಮೀಟರಿನ ಜರ್ಬೆರಾ ಪಾಲಿಹೌಸಿಗೆ. ಸೇವಂತಿಗೆಯ ಮಾತು ಬಂದಲ್ಲಿ ಬೇರೆಯಾಗಿ ಹೇಳಿದೆ.

ಸೀಸೆ ಮುಟ್ಟುವ ಮೊದಲು

ಒಂದು ಬೆಡ್ ಖಾಲಿ ಬಿಡಿ. ಗೊಬ್ಬರ, ನೀರು, ಎಣ್ಣಿ (ಕೀಟ-ರೋಗದ ಔಷಧಿ) ಎಲ್ಲ ಉಳಿದ ಬೆಡ್ಡುಗಳಂತೆಯೇ ಇರಲಿ, ಟಾನಿಕ್ ಮಾತ್ರ ಬೇಡ. ಗೋಡೆ ಬದಿಯ ಬೆಡ್ ಆರಿಸಬೇಡಿ, ಅಲ್ಲಿ ಗಾಳಿ, ಬಿಸಿಲು ಬೇರೆ; ನಡುವಿನದೊಂದು ಆಗಲಿ. ಅಲ್ಲಿಯ 20 ಗಿಡಗಳಿಗೆ ದಾರ ಕಟ್ಟಿ, ಪಕ್ಕದ ಬೆಡ್ಡಿನ 20 ಗಿಡಗಳಿಗೂ ಕಟ್ಟಿ, ವಾರಕ್ಕೊಮ್ಮೆ ಕೊಯ್ದ ಹೂವಿನ ಲೆಕ್ಕ, ದಂಟಿನ ಉದ್ದ ಬರೆದಿಡಿ. ಈ ಖಾಲಿ ಬೆಡ್ ಇಲ್ಲದೆ ಟಾನಿಕ್ ಕೆಲಸ ಮಾಡಿತು ಎನ್ನುವುದೂ, ಮಾಡಲಿಲ್ಲ ಎನ್ನುವುದೂ ಬರೀ ಮಾತು. ಮೋಡ ಸರಿದು ನಾಲ್ಕು ದಿನ ಬಿಸಿಲು ಬಿದ್ದರೂ ಜರ್ಬೆರಾ ತಾನಾಗಿಯೇ ಹೂವು ಹೆಚ್ಚಿಸುತ್ತದೆ.

ಆಮೇಲೆ ಡ್ರಿಪ್. ಗಂಟೆಗೆ 2 ಲೀಟರಿನ ಡ್ರಿಪ್ಪರ್ 3 ನಿಮಿಷಕ್ಕೆ 100 ಮಿ.ಲೀ. ಬಿಡಬೇಕು. ಅಳತೆಯ ಲೋಟ ಹಿಡಿದು ಲೈನಿನ ಮೊದಲು, ನಡುವೆ, ಕೊನೆ ಮೂರೂ ಕಡೆ ನೋಡಿ. 85 ಮಿ.ಲೀ.ಗಿಂತ ಕಡಿಮೆ ಬಿದ್ದರೆ ಕಟ್ಟಿಕೊಳ್ಳಲು ಶುರುವಾಗಿದೆ ಎಂದೇ ಅರ್ಥ. ಬೆಳೆದ ಜರ್ಬೆರಾ ಗಿಡಕ್ಕೆ ದಿನಕ್ಕೆ 500ರಿಂದ 700 ಮಿ.ಲೀ. ನೀರು ಬೇಕು. ಅದರಲ್ಲಿ ಅರ್ಧ ಮಾತ್ರ ಸಿಗುತ್ತಿರುವ ಗಿಡಕ್ಕೆ ಯಾವ ಕಡಲಪಾಚಿ ಕೊಟ್ಟರೇನು?

ಮೂರನೆಯದು ಬೇರು. ಸೊರಗಿದ್ದೊಂದು, ಚೆನ್ನಾಗಿರುವುದೊಂದು, ಎರಡು ಗಿಡ ಕಿತ್ತು ಬಕೆಟ್ ನೀರಿನಲ್ಲಿ ಅಲುಗಿಸಿ ತೊಳೆಯಿರಿ. ಒಂದು ಗಿಡ ಹೋದರೆ ಹೋಗಲಿ, ಕುರುಡಾಗಿ ತಂದ ಎರಡು ಸೀಸೆಯ ಮುಂದೆ ಅದೇನು ದೊಡ್ಡ ನಷ್ಟವಲ್ಲ. ಬೇರು ಬಿಳಿಯಾಗಿ, ಕೂದಲು ಬೇರು ತುಂಬಿದ್ದರೆ ಮುಂದಿನ ಭಾಗಕ್ಕೆ ಹೋಗಿ. ಗಂಟು ಕಟ್ಟಿದ್ದರೆ, ಕಂದಾಗಿದ್ದರೆ, ಸಿಪ್ಪೆ ಜಾರಿ ನಡುವಿನ ನಾರು ಮಾತ್ರ ಕೈಗೆ ಬಂದರೆ, ನೇರ 'ಬೆಡ್ ಹಸಿಯಿದ್ದರೂ ಗಿಡ ಬಾಡುತ್ತದೆ' ಭಾಗ ಓದಿ.

ಎಳೆ ಎಲೆ ಹಳದಿ, ನರ ಹಸಿರು. ಹ್ಯೂಮಿಕ್ ಎಷ್ಟು ಕೊಟ್ಟರೂ ಅದೇ ಕಥೆ

ಈ ಮೂರು ಜಿಲ್ಲೆಯ ಪಾಲಿಹೌಸುಗಳಲ್ಲಿ ಮೊದಲು ಶಂಕಿಸಬೇಕಾದ ದೋಷ ಇದು. ಶಹಾಬಾದ್, ಚಿತ್ತಾಪುರ, ಸೇಡಂ ಭಾಗದ ನೆಲದಡಿ ಸುಣ್ಣದ ಕಲ್ಲು. ಮನೆಗೆ ಹಾಸುವ ಫರಸಿ ಬರುವುದೂ ಅಲ್ಲಿಂದಲೇ, ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಅದರ ಮೇಲೆಯೇ. ಆ ಕಲ್ಲಿನ ಮೂಲಕ ಇಳಿದು ಬೋರಿಗೆ ಬರುವ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಹೇರಳ. ಸ್ನಾನದ ಮನೆಯ ಬಕೆಟ್ಟಿಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಪೊರೆ ಬೆಡ್ಡಿನಲ್ಲೂ ದಿನದಿನ ಸೇರುತ್ತಿರುತ್ತದೆ. ಜರ್ಬೆರಾಕ್ಕೆ ಬೆಡ್ಡಿನ ಪಿಎಚ್ 5.5ರಿಂದ 6.5ರೊಳಗೆ ಇರಬೇಕು. ಇಂಥ ನೀರು ಅದನ್ನು ತಿಂಗಳೊಪ್ಪತ್ತಿನಲ್ಲಿ ಮೇಲಕ್ಕೆ ತಳ್ಳುತ್ತದೆ. ಆಗ ಬೆಡ್ಡಿನಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗದು. ಮೊದಲು ಎಳೆ ಎಲೆಯ ನರಗಳ ನಡುವೆ ಹಳದಿ, ಬಿಟ್ಟರೆ ಎಲೆ ಪೂರ್ತಿ ಬಿಳಿಚುತ್ತದೆ. ಹಳದಿ ಹಳೆಯ ಎಲೆಯಲ್ಲಿ ಶುರುವಾಗಿದ್ದರೆ ಅದು ಬೇರೆ ಕೊರತೆ, ಹೆಚ್ಚಾಗಿ ಮೆಗ್ನೀಸಿಯಂ. ಎರಡನ್ನೂ ಬೆರೆಸಿ ಓದಬೇಡಿ.

ನೀರಿನ ಪಿಎಚ್ ಒಂದನ್ನೇ ನೋಡಿ ಸಮಾಧಾನಪಡುವುದು ದೊಡ್ಡ ತಪ್ಪು. ಪಿಎಚ್ 7.6 ತೋರಿಸುವ ಎರಡು ಬೋರುಗಳಲ್ಲಿ ಒಂದರ ಬೈಕಾರ್ಬೊನೇಟ್ ಇನ್ನೊಂದರ ಮೂರು ಪಟ್ಟು ಇರಬಹುದು. ಕಲಬುರಗಿ, ಬೀದರ್ ಇಲ್ಲವೆ ಯಾದಗಿರಿ ಜಿಲ್ಲೆಯ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ನೀರಿನ ಪರೀಕ್ಷೆಯ ಬಗ್ಗೆ ವಿಚಾರಿಸಿ, ಬೈಕಾರ್ಬೊನೇಟ್, ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಕ್ಲೋರೈಡ್ ಇಷ್ಟನ್ನೂ ಬರೆಸಿಕೊಡಿ ಎಂದು ಕೇಳಿ. ಬೇಸಿಗೆಯಲ್ಲಿ ಬೋರಿನ ನೀರು ಇಳಿದಾಗ ಉಪ್ಪು ಏರುವುದರಿಂದ ಜನವರಿಗೊಮ್ಮೆ, ಮೇ ತಿಂಗಳಿಗೊಮ್ಮೆ ಮಾಡಿಸುವುದು ಲೇಸು.

ಲೆಕ್ಕ ಹೀಗೆ. ವರದಿಯಲ್ಲಿ ಬೈಕಾರ್ಬೊನೇಟ್ ಲೀಟರಿಗೆ 366 ಮಿ.ಗ್ರಾಂ ಎಂದಿದ್ದರೆ 61ರಿಂದ ಭಾಗಿಸಿ. 6 ಮಿಲಿ ಈಕ್ವಿವಲೆಂಟ್ (ಆಸಿಡ್ ಲೆಕ್ಕಕ್ಕೆ ಬಳಸುವ ಅಳತೆ) ಬರುತ್ತದೆ. ಸುಮಾರು 1 ಉಳಿಸಿ 5ನ್ನು ಆಸಿಡ್‌ನಿಂದ ಕಳೆಯಬೇಕು. 60 ಶೇಕಡಾ ನೈಟ್ರಿಕ್ ಆಸಿಡ್ ಆದರೆ 1,000 ಲೀಟರ್ ನೀರಿಗೆ ಸುಮಾರು 380 ಮಿ.ಲೀ. ಹಿಡಿಯುತ್ತದೆ. ಇಷ್ಟು ಆಸಿಡ್ ಜೊತೆಗೇ ನೀರಿಗೆ 70 ಪಿಪಿಎಂ (ಲೀಟರಿಗೆ 70 ಮಿ.ಗ್ರಾಂ) ಸಾರಜನಕವೂ ಸೇರುತ್ತದೆ, ಅದನ್ನು ಗೊಬ್ಬರದ ಲೆಕ್ಕದಿಂದ ಕಳೆಯಲೇಬೇಕು. ಕಳೆಯದಿದ್ದರೆ ಏನಾಗುತ್ತದೆ ಎಂಬುದು ಮುಂದೆ ಬರುತ್ತದೆ. ಫಾಸ್ಫರಿಕ್ ಆಸಿಡ್ ಒಂದರಿಂದಲೇ ಇಷ್ಟೂ ಕಳೆಯಲು ಹೋದರೆ ರಂಜಕ 150 ಪಿಪಿಎಂ ದಾಟುತ್ತದೆ. ಅಷ್ಟು ರಂಜಕ ಕಬ್ಬಿಣವನ್ನು ಇನ್ನಷ್ಟು ಕಟ್ಟಿಹಾಕುತ್ತದೆ, ಮೈಕೊರೈಜಾ (ಬೇರಿನ ಜೊತೆ ಬೆಳೆಯುವ ಉಪಕಾರಿ ಶಿಲೀಂಧ್ರ) ಹಾಕಿದ್ದರೆ ಅದೂ ಬೇರು ಹಿಡಿಯುವುದಿಲ್ಲ.

ವರದಿ ಬರುವ ತನಕ ಬಕೆಟ್ ಪರೀಕ್ಷೆ ಸಾಕು. 990 ಮಿ.ಲೀ. ನೀರಿಗೆ 10 ಮಿ.ಲೀ. ನೈಟ್ರಿಕ್ ಆಸಿಡ್ ಸೇರಿಸಿ ತಿಳಿ ಆಸಿಡ್ ಮಾಡಿಕೊಳ್ಳಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 10 ಲೀಟರ್ ಬೋರಿನ ನೀರು ತೆಗೆದುಕೊಂಡು, ತಿಳಿ ಆಸಿಡ್ಡನ್ನು 20-20 ಮಿ.ಲೀ. ಹಾಕುತ್ತ, ಕೋಲಿನಿಂದ ಕದಡುತ್ತ, ಮೀಟರಿನಲ್ಲಿ ಪಿಎಚ್ 5.8ರ ಆಸುಪಾಸಿಗೆ ಬರುವವರೆಗೆ ಹೋಗಿ. ಸಣ್ಣ ಗುಳ್ಳೆ ಏಳುತ್ತವೆ, ಅದು ಬೈಕಾರ್ಬೊನೇಟ್ ಅನಿಲವಾಗಿ ಹೋಗುತ್ತಿರುವ ಗುರುತು. ಒಟ್ಟು ಎಷ್ಟು ಮಿ.ಲೀ. ತಿಳಿ ಆಸಿಡ್ ಹಿಡಿಯಿತೋ, 1,000 ಲೀಟರಿಗೆ ಅಷ್ಟೇ ಮಿ.ಲೀ. ಗಟ್ಟಿ ಆಸಿಡ್ ಬೇಕು. ಬೇರೆ ಗುಣಾಕಾರ ಬೇಡ. 15 ನಿಮಿಷ ಬಿಟ್ಟು ಮತ್ತೊಮ್ಮೆ ಪಿಎಚ್ ನೋಡಿ, ತುಸು ಏರಿರುತ್ತದೆ. ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ ಇರಲಿ. ಯಾವತ್ತೂ ನೀರಿಗೆ ಆಸಿಡ್, ಆಸಿಡ್ಡಿಗೆ ನೀರು ಬೇಡ.

ನೀರು ಸರಿಹೋದ ಮೇಲೂ ಹಳದಿಯಾದ ಗಿಡಕ್ಕೆ ಕಬ್ಬಿಣ ಕೊಡಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಇಡಿಟಿಎ ಕಬ್ಬಿಣ ಪಿಎಚ್ 6.5ರ ಮೇಲೆ ಒಡೆದುಹೋಗುತ್ತದೆ. ಸುಣ್ಣದ ಬೆಡ್ಡಿನಲ್ಲಿ ನಿಲ್ಲುವುದು ಇಡಿಡಿಎಚ್‌ಎ ಕಬ್ಬಿಣ. ಕಡುಗೆಂಪು ಬಣ್ಣ, ಬೆಲೆ ಜಾಸ್ತಿ. ಚದರ ಮೀಟರಿಗೆ 1ರಿಂದ 2 ಗ್ರಾಂ, ಬೇರಿಗೆ ಮಾತ್ರ, ಸಂಜೆ ಹೊತ್ತು. ಎಲೆಗೆ ಹೊಡೆಯಬೇಡಿ: ಬಿಸಿಲಿಗೆ ಅದು ಹಾಳಾಗುತ್ತದೆ, ದಳಕ್ಕೆ ಕಲೆ ಬೀಳುತ್ತದೆ. ಇದರ ಜೊತೆಗೆ ಫುಲ್ವಿಕ್ ಕೊಟ್ಟರೆ ಕಬ್ಬಿಣ ಸಾಗಲು ಒಳ್ಳೆಯದು. ಟಾನಿಕ್ಕಿನ ಹಣ ಸಾರ್ಥಕವಾಗುವುದು ಇಂಥಲ್ಲಿ. ಈಗಾಗಲೇ ಬಿಳಿಚಿದ ಹಳೆಯ ಎಲೆ ಪೂರ್ತಿ ಹಸಿರಾಗಲಿಕ್ಕಿಲ್ಲ. ಹೊಸದಾಗಿ ಬರುವ ಎರಡು ಎಲೆ ನೋಡಿ ತೀರ್ಮಾನಿಸಿ.

ಪಾಲಿಹೌಸಿನ ಚಾವಣಿಗೆ ಗಟರ್ ಇದ್ದರೆ ಮಳೆನೀರನ್ನು ಹರಿದುಹೋಗಲು ಬಿಡಬೇಡಿ, ಹಿಡಿದಿಡಿ. 10 ಗುಂಟೆ ಚಾವಣಿಯ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1,000 ಲೀಟರ್. ಒಂದು ಒಳ್ಳೆಯ 20 ಮಿ.ಮೀ. ಮಳೆಯಲ್ಲಿ, ಸೋರಿದ್ದು ಚೆಲ್ಲಿದ್ದು ಕಳೆದರೂ, 15,000 ಲೀಟರಿಗೆ ಮೋಸವಿಲ್ಲ. ಡ್ರಿಪ್ಪಿಗೆ ವರ್ಷವಿಡೀ ಸಾಲದಿದ್ದರೂ ಸಿಂಪಡಣೆಗೆ, ಮಂಜಿನಂತೆ ನೀರು ಚಿಮ್ಮಿಸುವ ಫಾಗರಿಗೆ ಇದಕ್ಕಿಂತ ಒಳ್ಳೆಯ ನೀರು ಈ ಸೀಮೆಯಲ್ಲಿ ಸಿಗುವುದು ಕಷ್ಟ.

ಡ್ರಮ್ಮಿನಲ್ಲಿ ಕಪ್ಪು ಗಸಿ, ಲೋಳೆ, ಎಳೆ

ಪೊಟ್ಯಾಸಿಯಂ ಹ್ಯೂಮೇಟ್ ಕ್ಷಾರದಲ್ಲಿ ಕರಗುವ ವಸ್ತು. ಆಸಿಡ್ ಬಿದ್ದರೆ ಒಡೆದು ಕಪ್ಪು ಗಸಿಯಾಗಿ ತಳಕ್ಕೆ ಕೂರುತ್ತದೆ. ಕ್ಯಾಲ್ಸಿಯಂ ನೈಟ್ರೇಟ್ ಬಿದ್ದರೂ ಅಷ್ಟೇ. ಹಾಲಿಗೆ ನಿಂಬೆ ಹಿಂಡಿದಂತೆ. ಫುಲ್ವಿಕ್ ಹಾಗಲ್ಲ, ಆಸಿಡ್ಡಿನಲ್ಲೂ ಕರಗಿಯೇ ಇರುತ್ತದೆ. ಸೀಸೆಯ ಮೇಲೆ 'ಹ್ಯೂಮಿಕ್ ಮತ್ತು ಫುಲ್ವಿಕ್' ಎಂದು ಎರಡೂ ಬರೆದಿದ್ದರೆ ಹ್ಯೂಮಿಕ್ ಎಂದೇ ತಿಳಿದು ನಡೆಯಿರಿ.

ಕಡಲಪಾಚಿಯ ಕಥೆ ಬೇರೆ. ಕಂದು ಪಾಚಿಯಲ್ಲಿ ಆಲ್ಜಿನೇಟ್ ಎಂಬ ಅಂಟು ಇದೆ, ಅದು ಕ್ಯಾಲ್ಸಿಯಂ ಕಂಡ ಕೂಡಲೇ ಜೆಲ್ ಆಗುತ್ತದೆ. ಒಂದು ಗಾಜಿನ ಲೋಟದಲ್ಲಿ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ ಅದಕ್ಕೆ ಕಡಲಪಾಚಿ ಸಾರದ ಒಂದು ಹನಿ ಬಿಡಿ: ಕೆಲವು ಸಾರಗಳು ನೀರಲ್ಲಿ ಹರಡದೆ ಸಬ್ಬಕ್ಕಿ ಕಾಳಿನಂತೆ ಇಲ್ಲವೆ ಶಾವಿಗೆ ಎಳೆಯಂತೆ ನಿಂತುಬಿಡುತ್ತವೆ. ಆ ಶಾವಿಗೆಯೇ ಆಮೇಲೆ ನಾಜಲ್ಲಿನಲ್ಲಿ, ಫಿಲ್ಟರಿನಲ್ಲಿ ಸಿಕ್ಕಿಕೊಳ್ಳುವುದು. ಪೊಟ್ಯಾಸಿಯಂ ಸಿಲಿಕೇಟ್ ಇನ್ನೂ ಹಠಮಾರಿ. ಅದರ ಪಿಎಚ್ 11ರ ಮೇಲೆ. ಗೊಬ್ಬರದ ಜೊತೆ ಬೆರೆಸಿದರೆ ಗಾಜಿನಂಥ ಜೆಲ್ ಕಟ್ಟಿ ಡ್ರಿಪ್ಪರನ್ನು ಕಾಯಂ ಮುಚ್ಚುತ್ತದೆ. ಅದನ್ನು ಒಂಟಿಯಾಗಿಯೇ, ಲೀಟರಿಗೆ 1ರಿಂದ 2 ಮಿ.ಲೀ. ಲೆಕ್ಕದಲ್ಲಿ, ಖಾಲಿ ನೀರಿಗೆ ಹಾಕಿ ಕೊಡಬೇಕು.

ಡ್ರಿಪ್ಪರಿನಲ್ಲಿ ಕಟ್ಟಿದ್ದು ಏನು ಎಂದು ತಿಳಿಯದೆ ಆಸಿಡ್ ಬಿಡುವ ರೂಢಿ ಇದೆ. ತಾಳಿ. ಕಟ್ಟಿದ ಡ್ರಿಪ್ಪರ್ ಒಂದನ್ನು ಬಿಚ್ಚಿ, ಒಳಗಿನದನ್ನು ಸೂಜಿಯಿಂದ ಕೆರೆದು ಬಿಳಿ ತಟ್ಟೆಗೆ ಹಾಕಿ, ತಿಳಿ ಆಸಿಡ್ಡಿನ ಒಂದು ಹನಿ ಬಿಡಿ. ನೊರೆ ಎದ್ದರೆ ಸುಣ್ಣ, ಆಸಿಡ್ ಕೆಲಸ ಮಾಡುತ್ತದೆ. ನೊರೆಯಿಲ್ಲದೆ ಕಪ್ಪಾಗಿಯೇ ಕೂತರೆ ಹ್ಯೂಮಿಕ್ ಗಸಿ, ಆಸಿಡ್ ಬಿಟ್ಟಷ್ಟೂ ಗಟ್ಟಿಯಾಗುತ್ತದೆ. ಅದಕ್ಕೆ ಲೈನಿನ ಕೊನೆಯ ಮುಚ್ಚಳ ತೆಗೆದು ಪೂರ್ತಿ ಒತ್ತಡದಲ್ಲಿ, ತಿಳಿನೀರು ಬರುವ ತನಕ ತೊಳೆಯುವುದೇ ದಾರಿ. ಬೆರಳಿಗೆ ಜಾರುವ ಲೋಳೆ, ಕೆಟ್ಟ ವಾಸನೆ ಇದ್ದರೆ ಬ್ಯಾಕ್ಟೀರಿಯಾ. ಅಮೈನೊ, ಬೆಲ್ಲದ ದ್ರಾವಣ ಲೈನಿನಲ್ಲಿ ರಾತ್ರಿ ಉಳಿದಾಗ ಬೆಳೆಯುವುದು ಇದು. ಇದಕ್ಕೆ ಹೈಡ್ರೊಜನ್ ಪೆರಾಕ್ಸೈಡ್ ಬೇಕಾಗುತ್ತದೆ. ಇನ್ನು ಮುಂದೆ ಯಾವ ಟಾನಿಕ್ ಬಿಟ್ಟರೂ ಕೊನೆಯ 10 ನಿಮಿಷ ಬರೀ ನೀರು ಹರಿಸಿ.

ಬೆರೆಸುವ ಮೊದಲು ಸೀಸೆ ಪರೀಕ್ಷೆ ಮಾಡಿ. ನಿಮ್ಮದೇ ನೀರು 1 ಲೀಟರ್ (ಕ್ಯಾನ್ ನೀರಲ್ಲಿ ಮಾಡಿ ನೋಡಿದರೆ ಏನೂ ತಿಳಿಯುವುದಿಲ್ಲ), ಡ್ರಮ್ಮಿಗೆ ಹಾಕುವ ಪ್ರಮಾಣದಲ್ಲೇ ಒಂದೊಂದಾಗಿ ಸೇರಿಸಿ, ಕದಡಿ ಅರ್ಧ ಗಂಟೆ ಬಿಡಿ, ಎರಡು ಗಂಟೆಗೆ ಮತ್ತೊಮ್ಮೆ ನೋಡಿ. ಗಸಿ, ಎಳೆ, ಮೊಸರಿನಂತೆ ಒಡೆಯುವುದು, ಸೀಸೆ ಬೆಚ್ಚಗಾಗುವುದು, ಇದರಲ್ಲಿ ಒಂದು ಕಂಡರೂ ಆ ಜೋಡಿ ಬೇಡ. ಜರ್ಬೆರಾಕ್ಕೆ ನಡೆಯುವ ಕ್ರಮ: ಕ್ಯಾಲ್ಸಿಯಂ ನೈಟ್ರೇಟ್ ಒಂದು ದಿನ, ಹ್ಯೂಮಿಕ್ ಎರಡು ದಿನ ಬಿಟ್ಟು. 12 ಶೇಕಡಾ ದ್ರವ ಹ್ಯೂಮಿಕ್ ಆದರೆ 10 ಗುಂಟೆಗೆ 500 ಮಿ.ಲೀ., 15 ದಿನಕ್ಕೊಮ್ಮೆ. ಇದನ್ನು ದುಪ್ಪಟ್ಟು ಮಾಡಿದರೆ ಹೂವು ದುಪ್ಪಟ್ಟಾಗುವುದಿಲ್ಲ.

ಸಿಂಪಡಿಸಿ ಎರಡು ದಿನದಲ್ಲಿ ಎಲೆಯಂಚು ಸುಟ್ಟಿದೆ

ಮೊದಲು ಸುಟ್ಟಿದ್ದು ಎಲ್ಲೆಲ್ಲಿ ಎಂದು ನೋಡಿ. ಹನಿ ನಿಂತ ಜಾಗ, ಅಂದರೆ ಎಲೆಯ ತುದಿ, ಬಟ್ಟಲಾಗಿರುವ ಮಡಿಕೆ ಮಾತ್ರ ಸುಟ್ಟಿದ್ದರೆ ದ್ರಾವಣ ಗಡುಸಾಗಿತ್ತು ಅಥವಾ ಹೊಡೆದ ಹೊತ್ತು ಸರಿಯಿರಲಿಲ್ಲ. ಮೊದಲ ಬೆಡ್ಡುಗಳಿಗೆ ಏನೂ ಆಗದೆ ಕೊನೆಯ ಎರಡು ಬೆಡ್ಡಿಗೆ ಮಾತ್ರ ಆಗಿದ್ದರೆ ಪಂಪಿನಲ್ಲಿ ಮಾಲು ತಳಕ್ಕೆ ಕೂತಿತ್ತು, ಕದಡದೆ ಹೊಡೆದಿದ್ದಾರೆ. ಸಿಂಪಡಿಸಿದ ಬೆಡ್, ಖಾಲಿ ಬಿಟ್ಟ ಬೆಡ್ ಎರಡರಲ್ಲೂ ಹಳೆಯ ಎಲೆಯ ಅಂಚು ಮೆಲ್ಲಗೆ ಒಣಗುತ್ತಿದ್ದರೆ ಅದಕ್ಕೂ ಸಿಂಪಡಣೆಗೂ ಸಂಬಂಧವಿಲ್ಲ, ಬೇರಿನ ಬುಡದಲ್ಲಿ ಉಪ್ಪು ಏರಿದೆ. ಬೆಡ್ಡಿನ ಮಣ್ಣು ಒಂದು ಲೋಟ, ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಎರಡು ಲೋಟ ಕದಡಿ, ಅರ್ಧ ಗಂಟೆ ಬಿಟ್ಟು ಸೋಸಿ ಮೀಟರಿನಲ್ಲಿ ಇ.ಸಿ. (ಉಪ್ಪಿನ ಅಂಶ ತಿಳಿಸುವ ವಿದ್ಯುತ್ ವಾಹಕತೆ) ನೋಡಿ. 0.5ರಿಂದ 1.0 ಮಿಲಿಸೀಮೆನ್ಸ್/ಸೆಂ.ಮೀ. ಇದ್ದರೆ ಸರಿ; 1.2 ದಾಟಿದ್ದರೆ ಗೊಬ್ಬರ ನಿಲ್ಲಿಸಿ, ಆಸಿಡ್ ಹಾಕಿ ಸರಿಪಡಿಸಿದ ನೀರನ್ನು ಚದರ ಮೀಟರಿಗೆ 20 ಲೀಟರಿನಂತೆ ಎರಡು ಕಂತಿನಲ್ಲಿ ಹಾಯಿಸಿ ತೊಳೆಯಿರಿ. ಬೆಡ್ಡಿನಿಂದ ನೀರು ಬಸಿದು ಹೋಗುವಂತಿದ್ದರೆ ಮಾತ್ರ.

ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿಯ ಹೊರಗಿನ ಬಿಸಿಲೇ 42 ಡಿಗ್ರಿ ಮುಟ್ಟುತ್ತದೆ. ಬೆಳಗ್ಗೆ 9ಕ್ಕೆ ಹೊಡೆದರೂ ಹನಿ ಒಣಗುತ್ತ ಒಣಗುತ್ತ ಗಟ್ಟಿಯಾಗಿ ಎಲೆ ಮೇಲೆ ಉಪ್ಪಿನ ಪಾಕ ಉಳಿಯುತ್ತದೆ. ಬೇಸಿಗೆಯಲ್ಲಿ ಬೆಳಗ್ಗೆ 7ರೊಳಗೆ ಮುಗಿಸಬೇಕು. ಸಂಜೆಯೇ ಒಳ್ಳೆಯದಲ್ಲವೇ ಎಂದರೆ, ಜರ್ಬೆರಾದ ನಡುಗುಣಿಯಲ್ಲಿ (ಎಲೆಗಳೆಲ್ಲ ಹೊರಡುವ ನಡುವಿನ ತಗ್ಗಿನಲ್ಲಿ) ರಾತ್ರಿಯಿಡೀ ನೀರು ನಿಂತರೆ ಗಡ್ಡೆ ಕೊಳೆ ಬರುತ್ತದೆ. ಕಡಲಪಾಚಿ ಲೀಟರಿಗೆ 2 ಮಿ.ಲೀ. ಸಾಕು, ಬಿಸಿ ದಿನಗಳಲ್ಲಿ 1.5. ಅರಳಿದ ಹೂವನ್ನು ಕೊಯ್ದ ಮೇಲೆ ಹೊಡೆಯಿರಿ. ದಳದ ಮೇಲೆ ಕಂದು ಚುಕ್ಕೆ ಬಿದ್ದ ಹೂವನ್ನು ಹೈದರಾಬಾದಿನ ಗುಡಿಮಲ್ಕಾಪುರದ ಹೂವಿನ ಮಾರುಕಟ್ಟೆಯಲ್ಲಿ ಯಾರು ಕೇಳುತ್ತಾರೆ?

ಅಮೈನೊ ಆಸಿಡ್ ಜೊತೆ ತಾಮ್ರದ ಔಷಧಿ, ಗಂಧಕ, ಖನಿಜ ಎಣ್ಣೆ ಬೆರೆಸಲೇಬೇಡಿ. ಅಮೈನೊ ತಾಮ್ರವನ್ನು ಎಲೆಯೊಳಗೆ ಎಳೆದುಕೊಂಡು ಹೋಗುತ್ತದೆ, ಮೇಲ್ಮೈಯಲ್ಲಿ ನಿಂತು ಶಿಲೀಂಧ್ರ ಕಾಯಬೇಕಾದ ತಾಮ್ರ ಒಳಗೆ ಹೋಗಿ ಎಲೆಯನ್ನೇ ಸುಡುತ್ತದೆ. ಅಗ್ಗದ ಅಮೈನೊದಲ್ಲಿ ಇನ್ನೊಂದು ಗುಟ್ಟಿದೆ. ಹೈಡ್ರೊಕ್ಲೋರಿಕ್ ಆಸಿಡ್ಡಿನಲ್ಲಿ ಪ್ರೋಟೀನ್ ಒಡೆದು ಆಮೇಲೆ ಕಾಸ್ಟಿಕ್ ಸೋಡಾದಿಂದ ಶಮನ ಮಾಡಿದರೆ ಉಳಿಯುವುದು ಅಡುಗೆ ಉಪ್ಪು. ಲೀಟರಿಗೆ 3 ಮಿ.ಲೀ. ಡಿಸ್ಟಿಲ್ಡ್ ವಾಟರಿಗೆ ಬೆರೆಸಿ ಇ.ಸಿ. ನೋಡಿ, ಎರಡು ಬ್ರ್ಯಾಂಡ್ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಯಾವುದರಲ್ಲಿ ಉಪ್ಪು ಹೆಚ್ಚಿರಬಹುದು ಎಂಬ ಅಂದಾಜು ಸಿಗುತ್ತದೆ.

ಎಲೆ ಸುಡದೆ ಹಗ್ಗದಂತೆ ಹುರಿಗೊಂಡು, ಹೂವಿನ ದಂಟು ಸೊಟ್ಟಗಾದರೆ ಪಂಪನ್ನು ಶಂಕಿಸಿ. ಕಬ್ಬಿಗೆ, ಜೋಳಕ್ಕೆ 2,4-ಡಿ ಕಳೆನಾಶಕ ಹೊಡೆದ ಪಂಪ್ ಎಷ್ಟು ತೊಳೆದರೂ ಪೈಪು, ವಾಷರುಗಳಲ್ಲಿ ಅಂಶ ಉಳಿಯುತ್ತದೆ. ಪಾಲಿಹೌಸಿಗೆ ಬೇರೆ ಪಂಪ್ ಇರಲೇಬೇಕು, ಇದರಲ್ಲಿ ಜಿಪುಣತನ ಬೇಡ. ಆದರೆ ಎಳೆ ಎಲೆ ಮಾತ್ರ ಗಡುಸಾಗಿ, ಮುದುಡಿ, ಹಿಂಬದಿ ಕಂಚಿನ ಬಣ್ಣವಾಗಿದ್ದರೆ 10 ಪಟ್ಟು ದೊಡ್ಡದು ಮಾಡುವ ಮಸೂರ ಹಿಡಿದು ನೋಡಿ. ನುಸಿ ಇರುತ್ತದೆ. ಅದಕ್ಕೆ ಟಾನಿಕ್ ಅಲ್ಲ, ನುಸಿನಾಶಕವೇ ಬೇಕು.

ಎಲೆ ಮೇಲೆ ಬಿಳಿ

ಬೂದಿರೋಗ ಎಂದು ಔಷಧಿ ಹೊಡೆಯುವ ಮೊದಲು ಹತ್ತಿಗೆ ವಿನೆಗರ್ ಅದ್ದಿ ಒರೆಸಿ. ಫಾಗರಿನ ಗಡಸು ನೀರು ಬಿಟ್ಟ ಸುಣ್ಣವಾದರೆ ಕರಗಿ ಎಲೆ ಹೊಳೆಯುತ್ತದೆ. ಬೂದಿರೋಗವಾದರೆ ಒಣ ಬೆರಳಿಗೇ ಹಿಟ್ಟಿನಂತೆ ಬರುತ್ತದೆ, ಅದರಡಿಯ ಎಲೆ ಹಳದಿಯಾಗಿರುತ್ತದೆ.

ಸೊಪ್ಪು ಭರ್ತಿ, ಹೂವು ಕಡಿಮೆ

ಎಲೆ ಮುತ್ತುಗದ ಎಲೆಯಂತೆ ಅಗಲ, ದಂಟು ಮೆತ್ತಗೆ, ಬುಟ್ಟಿಗೆ ಹಾಕುವಷ್ಟರಲ್ಲಿ ಕತ್ತು ಬಗ್ಗುತ್ತದೆ. ಕಾರಣ ಹೆಚ್ಚಾಗಿ ಸಾರಜನಕ. ಅಮೈನೊದ್ದು ಸ್ವಲ್ಪ, ಮೇಲೆ ಹೇಳಿದ ನೈಟ್ರಿಕ್ ಆಸಿಡ್ಡಿನದು 70 ಪಿಪಿಎಂ, ಕುರಿ ಗೊಬ್ಬರದ್ದು ಬೇರೆ, ಅದರ ಮೇಲೆ 19:19:19 ಗೊಬ್ಬರ ಎಂದಿನಂತೆ. ಎಲ್ಲವನ್ನೂ ಕೂಡಿಸಿ ನೋಡಿದವರು ಕಡಿಮೆ. ಎರಡನೆಯ ಕಾರಣ ಬೆಳಕು: ಚಾವಣಿಯ ಪಾಲಿಥೀನ್ ಮೇಲೆ ಎರೆಮಣ್ಣಿನ ಧೂಳು ಕೂತು, ಒಳಗೆ ಬೇಸಿಗೆಗೆಂದು ಎಳೆದ ನೆರಳು ಬಲೆ ಜುಲೈ ಬಂದರೂ ಹಾಗೇ ಇರುತ್ತದೆ. ಚಾವಣಿ ತೊಳೆಯಿರಿ, ಬಲೆ ಸರಿಸಿ. ಖರ್ಚಿಲ್ಲದ ಟಾನಿಕ್ ಅದು.

ಸೇವಂತಿಗೆ ಮೊಗ್ಗು ಕಟ್ಟದಿದ್ದರೆ ರಾತ್ರಿ ಪಾಲಿಹೌಸಿನೊಳಗೆ ನಿಂತು ನೋಡಿ. ಅದು ದೀರ್ಘ ರಾತ್ರಿಗೆ ಮೊಗ್ಗು ಬಿಡುವ ಗಿಡ. ಪಂಪ್‌ಹೌಸಿನ ಬಲ್ಬು, ರಸ್ತೆ ದೀಪದ ಬೆಳಕು ಬೀಳುವ ಮೂಲೆಯಲ್ಲಿ ಮಾತ್ರ ಮೊಗ್ಗಿಲ್ಲ ಎಂದರೆ ಕಪ್ಪು ಪರದೆ ಬೇಕು, ಸೀಸೆಯಲ್ಲಿ ಅದಕ್ಕೆ ಪರಿಹಾರವಿಲ್ಲ.

ಟ್ರೈಕೊಡರ್ಮಾ, ಮೈಕೊರೈಜಾ ಹಾಕಿದರೂ ಏನೂ ಆಗಿಲ್ಲ

ಇವು ಉಪಕಾರಿ ಶಿಲೀಂಧ್ರಗಳು, ಜೀವ ಇರುವ ಮಾಲು. ತಗಡಿನ ಶೆಡ್ಡಿನಲ್ಲಿ ಮೇ ತಿಂಗಳ ಮಧ್ಯಾಹ್ನ ಕೂತ ಪ್ಯಾಕೆಟ್ಟಿನಲ್ಲಿ ಜೀವ ಉಳಿದಿರುವ ಭರವಸೆ ಕಡಿಮೆ. ಪ್ಯಾಕೆಟ್ಟಿನ ಮೇಲಿನ ತಾರೀಖು ಅಂಗಡಿಯ ಬಿಸಿಯನ್ನು ಲೆಕ್ಕ ಹಿಡಿದಿರುವುದಿಲ್ಲ. ಟ್ರೈಕೊಡರ್ಮಾ ಜೀವಂತವಿದೆಯೇ ಎಂದು ಒರಟಾಗಿ ತಿಳಿಯಲು ಅನ್ನ ಸಾಕು: ಉಪ್ಪಿಲ್ಲದೆ ಗಟ್ಟಿಯಾಗಿ ಮಾಡಿದ ಅನ್ನವನ್ನು ಬಿಸಿನೀರಲ್ಲಿ ತೊಳೆದ ಎರಡು ಡಬ್ಬಿಗಳಿಗೆ ಹಾಕಿ ಆರಿಸಿ, ಒಂದಕ್ಕೆ ಚಿಟಿಕೆ ಪುಡಿ ಉದುರಿಸಿ, ಇನ್ನೊಂದನ್ನು ಹಾಗೇ ಮುಚ್ಚಿ, ನೆರಳಲ್ಲಿ 5ರಿಂದ 7 ದಿನ ಇಡಿ. ಉದುರಿಸಿದ ಡಬ್ಬಿಯಲ್ಲಿ ಬಿಳಿ ಬೂಸ್ಟು ಬಂದು ಆಮೇಲೆ ದಟ್ಟ ಹಸಿರಾದರೆ ಜೀವ ಇದೆ. ಎರಡರಲ್ಲೂ ಕಪ್ಪು, ಹಳದಿ ಬೂಸ್ಟು ಬಂದರೆ ಪರೀಕ್ಷೆ ಕೆಟ್ಟಿದೆ, ಮತ್ತೆ ಮಾಡಿ.

ಜೀವ ಇದ್ದೂ ಕೆಲಸ ಮಾಡದಿದ್ದರೆ ಹಿಂದಿನ 15 ದಿನದ ಪಟ್ಟಿ ನೋಡಿ: ಕಾರ್ಬೆಂಡಜಿಮ್, ತಾಮ್ರ, ಲೈನಿಗೆ ಬಿಟ್ಟ ಪೆರಾಕ್ಸೈಡ್, ಇವುಗಳಲ್ಲಿ ಒಂದು ಅದನ್ನು ಕೊಂದಿರಬಹುದು. ಶಿಲೀಂಧ್ರನಾಶಕಕ್ಕೂ ಇದಕ್ಕೂ ಹಿಂದೆ-ಮುಂದೆ 15 ದಿನ ಅಂತರ ಇರಲಿ. ಪುಡಿಯನ್ನು ಡ್ರಿಪ್ಪಿನಲ್ಲಿ ಬಿಟ್ಟರೆ ಅದರಲ್ಲಿರುವ ಟಾಲ್ಕ್ (ನುಣುಪು ಕಲ್ಲಿನ ಪುಡಿ) ಎಲ್ಲ ಫಿಲ್ಟರಿನಲ್ಲೇ ನಿಲ್ಲುತ್ತದೆ. 2 ಕಿಲೊ ಟ್ರೈಕೊಡರ್ಮಾವನ್ನು 100 ಕಿಲೊ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ಹಿಡಿಯಲ್ಲಿ ಹಿಂಡಿದರೆ ಉಂಡೆ ಕಟ್ಟುವಷ್ಟು ತೇವ ಮಾಡಿ, ನೆರಳಲ್ಲಿ ಹಸಿ ಗೋಣಿಚೀಲ ಮುಚ್ಚಿ 10ರಿಂದ 15 ದಿನ ಇಡಿ. ಮೂರು ದಿನಕ್ಕೊಮ್ಮೆ ತಿರುವಿ. ಆಮೇಲೆ ಬೆಡ್ಡಿಗೆ ಕೊಡಿ, ಗಿಡದ ನಡುಗುಣಿ ಮುಚ್ಚದಂತೆ. ಬೀದರಿನ ಡಿಸೆಂಬರ್-ಜನವರಿಯ ಚಳಿಯಲ್ಲಿ ಈ ಜೀವಿಗಳೂ ಮುದುಡಿರುತ್ತವೆ. ಆಗ ಫಲ ತಡವಾದರೆ ದುಪ್ಪಟ್ಟು ಹಾಕುವ ಅವಸರ ಬೇಡ.

ಬೆಡ್ ಹಸಿಯಿದ್ದರೂ ಗಿಡ ಬಾಡುತ್ತದೆ

ಬೇರಿನಲ್ಲಿ ಗಂಟುಗಳಿದ್ದರೆ ಬೇರುಗಂಟು ಜಂತು ಹುಳು, ಪಾಲಿಹೌಸ್ ಜರ್ಬೆರಾದ ಹಳೆಯ ಶತ್ರು. ಗಂಟಿಲ್ಲದೆ ಬೇರು ಕಂದಾಗಿ, ಗಡ್ಡೆಯನ್ನು ಚಾಕುವಿನಿಂದ ಸೀಳಿದಾಗ ಒಳಗೆ ಕೆಂಗಂದು ಇದ್ದರೆ ಫೈಟಾಫ್ತೊರಾ, ಫ್ಯುಸೇರಿಯಂನಂಥ ಕೊಳೆ ರೋಗ. ಇಂಥ ಬೆಡ್ಡಿಗೆ ಹ್ಯೂಮಿಕ್ ಮೇಲೆ ಹ್ಯೂಮಿಕ್ ಸುರಿದು ನೀರು ಹೆಚ್ಚಿಸುವುದು ರೋಗಕ್ಕೇ ಅನುಕೂಲ. ಸತ್ತ ಗಿಡವನ್ನು ಸುತ್ತಲಿನ ಮಣ್ಣಿನ ಸಮೇತ ಚೀಲದಲ್ಲಿ ಹಾಕಿ ಹೊರಗೆ ಒಯ್ಯಿರಿ, ದಾರಿಯಲ್ಲಿ ಮಣ್ಣು ಉದುರಿಸಬೇಡಿ. ಉಳಿದ ಗಿಡಗಳ ಬುಡ ಮಣ್ಣಿನ ಮಟ್ಟದಿಂದ 1-2 ಸೆಂ.ಮೀ. ಮೇಲಿದೆಯೇ ನೋಡಿ, ಮೇಲೆ ಮೇಲೆ ಗೊಬ್ಬರ ಹಾಕಿ ಹೂತುಹೋಗಿದ್ದರೆ ಬಿಡಿಸಿ. ಜಂತು ಹುಳುವಿಗೆ ಬೇವಿನ ಹಿಂಡಿಯ ಜೊತೆ ಪರ್ಪುರಿಯೊಸಿಲಿಯಂ ಎಂಬ ಉಪಕಾರಿ ಶಿಲೀಂಧ್ರ ಕೊಡಬಹುದು. ಪೂರ್ತಿ ಹೋಗುವುದಿಲ್ಲ, ಹಿಡಿತದಲ್ಲಿ ಇರುತ್ತದೆ.

ಬೆಡ್ ಎರೆಮಣ್ಣಿನದೇ ಆಗಿದ್ದರೆ ಬಸಿಯುವಿಕೆಯೇ ಮೂಲ ದೋಷ. ಎರೆಮಣ್ಣು ಹಸಿಯಾದಾಗ ಉಬ್ಬಿ ಗಾಳಿ ತಡೆಯುತ್ತದೆ, ಒಣಗಿದಾಗ ಬಿರಿದು ಬೇರು ಹರಿಯುತ್ತದೆ. ಹುಮನಾಬಾದ್, ಬೀದರ್ ಕಡೆಯ ಕೆಂಪು ಮಣ್ಣು, ಕಳಿತ ಗೊಬ್ಬರ, ಭತ್ತದ ಹೊಟ್ಟು ಸೇರಿಸಿ 30 ಸೆಂ.ಮೀ. ಎತ್ತರದ ಬೆಡ್ ಕಟ್ಟದೆ ಬೇರೆ ಉಪಾಯವಿಲ್ಲ. ಇದು ಈ ಬೆಳೆಯಲ್ಲಿ ಆಗುವ ಕೆಲಸವಲ್ಲ, ಮುಂದಿನ ನಾಟಿಗೆ.

ಎಲ್ಲ ಸರಿಯಿದ್ದು ಸೀಸೆಯ ಮೇಲೇ ಅನುಮಾನ ಉಳಿದರೆ

ಎರಡು ಲಕ್ಷಣ ಗಮನಿಸಿ. ಕಡಲಪಾಚಿ ಎಂದು ಹೊಡೆದ ಮರುದಿನ ಥ್ರಿಪ್ಸ್, ನುಸಿ ಸತ್ತು ಬಿದ್ದಿದ್ದರೆ ಅದರಲ್ಲಿ ಕೀಟನಾಶಕ ಸೇರಿರಬಹುದು. ನಾಲ್ಕೈದು ದಿನದಲ್ಲಿ ದಂಟು ಇದ್ದಕ್ಕಿದ್ದಂತೆ ಉದ್ದ, ತೆಳು, ಬಿಳುಪಾಗಿ ಎದ್ದರೆ ಜಿಬ್ಬರೆಲಿಕ್‌ನಂಥ ಬೆಳವಣಿಗೆ ಹಾರ್ಮೋನ್ ಇರಬಹುದು. ಇಂಥದ್ದನ್ನು ಕಂಡು 'ಮಾಲು ಜೋರಿದೆ' ಎಂದು ಮೆಚ್ಚುವವರೇ ಹೆಚ್ಚು! 1985ರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ 2021ರ ಫೆಬ್ರುವರಿಯಲ್ಲಿ ತಿದ್ದುಪಡಿಯಾಗಿ ಜೈವಿಕ ಉತ್ತೇಜಕಗಳು ಅದರಡಿ ಬಂದಿವೆ. ಅವುಗಳಲ್ಲಿ ಕೀಟನಾಶಕದ ಅಂಶಕ್ಕೆ ಆ ತಿದ್ದುಪಡಿ 0.01 ಪಿಪಿಎಂ ಮಿತಿ ಹಾಕಿತ್ತು. ಲೇಬಲ್ ಮೇಲೆ ಏನೇನು ಎಷ್ಟು ಶೇಕಡಾ, ಯಾವ ಬೆಳೆಗೆ ಎಷ್ಟು ಪ್ರಮಾಣ, ಬ್ಯಾಚ್ ನಂಬರ್, ತಯಾರಿಸಿದ ತಾರೀಖು ಇದೆಯೇ ನೋಡಿ. 'ಹೂವು 200 ಶೇಕಡಾ ಹೆಚ್ಚಳ' ಎಂದು ಮಾತ್ರ ಬರೆದ ಸೀಸೆಯನ್ನು ಅಂಗಡಿಯ ಕಟ್ಟೆಯ ಮೇಲೇ ಬಿಟ್ಟು ಬನ್ನಿ.

ದೂರು ಕೊಡುವುದಿದ್ದರೆ ಖಾಲಿ ಸೀಸೆ ಸಾಲದು. ಅದೇ ಬ್ಯಾಚಿನ, ಸೀಲ್ ಒಡೆಯದ ಒಂದು ಸೀಸೆ, ಪಕ್ಕಾ ಬಿಲ್ಲು, ಸಿಂಪಡಿಸಿದ ದಿನ-ಹೊತ್ತು-ಪ್ರಮಾಣದ ಬರಹ, ಸಿಂಪಡಿಸಿದ ಬೆಡ್ ಮತ್ತು ಖಾಲಿ ಬೆಡ್ ಒಂದೇ ಚೌಕಟ್ಟಿನಲ್ಲಿ ಕಾಣುವ ಫೋಟೊ ಇಟ್ಟುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಹೊಸ ಸೀಸೆ ತಂದಾಗ ಮೊದಲ ಸಲ ಒಂದೇ ಬೆಡ್ಡಿನ ಹತ್ತು ಗಿಡಕ್ಕೆ ಹೊಡೆದು 72 ಗಂಟೆ ಕಾಯಿರಿ, ಆಮೇಲೆ ಉಳಿದ ಬೆಡ್ಡುಗಳಿಗೆ.